ಅಮಾವಾಸ್ಯೆಯ ಭರತ

ನಾನು ಮೀನು ತಿನ್ನುವವನಲ್ಲ. ಆದರೂ ಕುಂಬ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಬ್ಯಾರಿ ಗೆಳೆಯ ನನ್ನನ್ನು ಕೇಳದೆ ಸಮುದ್ರಕ್ಕೆ ಗಾಳ ಹಾಕಲು ಹೊರಡುವುದಿಲ್ಲ. ಮಳೆ, ಗಾಳಿಯ ಸುದ್ದಿ ಅವನ ಮೊಬೈಲಿನಲ್ಲಿ ಸಿಗುತ್ತದೆ. ತಿಥಿ ನನ್ನ ಪಂಚಾಂಗದಲ್ಲಿ. ಅಷ್ಟಮಿಯ ನೀರು ಸೋಮಾರಿ. ಅಮಾವಾಸ್ಯೆಗೆ ಭರತದ, ಅಂದರೆ ಉಬ್ಬರದ, ನೀರು ಜೋರಾಗಿ ಏರುತ್ತದೆ, ಅದರ ಜೊತೆಗೇ ಮೀನು ನದಿ ಸಮುದ್ರ ಸೇರುವ ಅಳಿವೆಯೊಳಗೆ ನುಗ್ಗುತ್ತದೆ ಎನ್ನುವುದು ನಮ್ಮಿಬ್ಬರ ಸಿದ್ಧಾಂತ. ಮೀನುಗಳಿಗೆ ಇದನ್ನು ಯಾರೂ ತಿಳಿಸಿದಂತಿಲ್ಲ.

ದಿನಾ ಬೆಳಿಗ್ಗೆ ಪಂಚಾಂಗ ಬಿಡಿಸಿ ಕೂರುವ ನನ್ನನ್ನು ಕಂಡು, ದೇವರು ಕೊನೆಗೂ ಮಗನಿಗೆ ಬುದ್ಧಿ ಕೊಟ್ಟ ಎಂದು ಅಮ್ಮ ನಂಬಿದ್ದರು. ನಾನು ತಿದ್ದಲು ಹೋಗಲಿಲ್ಲ.

ಹೋದ ಅಮಾವಾಸ್ಯೆಗೆ ನಾನೂ ಗೆಳೆಯನ ಜೊತೆ ಹೋದೆ. ಸೊಂಟದವರೆಗಿನ ನೀರಿನಲ್ಲಿ ಮಧ್ಯಾಹ್ನದವರೆಗೆ ನಿಂತೆವು. ಒಂದು ಮೀನೂ ಗಾಳ ಕಚ್ಚಲಿಲ್ಲ.

ಮನೆಗೆ ಬಂದಾಗ ನನ್ನ ಉಪ್ಪುಗಟ್ಟಿದ ಬಟ್ಟೆ ನೋಡಿ ಅಮ್ಮನ ಕಣ್ಣು ತುಂಬಿತು. "ಅಮಾವಾಸ್ಯೆಯ ಸಮುದ್ರಸ್ನಾನ ಮಾಡಿ ಬಂದದ್ದಾ ಮಗಾ? ಮುಂದಿನ ಸರ್ತಿ ನಾನೂ ಬರ್ತೇನೆ."

ಗಾಬರಿಯಾಗಿ ಗೆಳೆಯನಿಗೆ ಫೋನ್ ಮಾಡಿದೆ.

"ಅದಕ್ಕೆ ಎಂತ ಹೆದರಿಕೆ ಮಾರಾಯ? ಅಮ್ಮ ಬರ್ಲಿ," ಎಂದ. "ಒಂದು ಮೀನೂ ಸಿಗದ ಹಾಗೆ ನಾನು ನೋಡಿಕೊಳ್ತೇನೆ."