ಕಾಗೆಗೆ ಎರಡೂವರೆ ಗೇಣು

ಹೋದ ಭಾನುವಾರ ಟೆರೇಸಿಗೆ ಹೋಗಿ ನೋಡಿದರೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ಗೇಣಿಗೊಂದರಂತೆ ಹದಿನಾರು ಕ್ಲಿಪ್. ಬಟ್ಟೆ? ಒಂದೂ ಇಲ್ಲ.

ತೆಗೆಯಲು ಕೈ ಚಾಚಿದೆ. (ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾದರೆ? ಎಲ್ಲಕ್ಕೂ ಮುಂಚೆಯೇ ಹೆದರುವುದು ನನ್ನ ಸ್ವಭಾವ.)

"ಅಪ್ಪಾ, ತೊಡಾದೀಂಗೊ! ಅದು ಸ್ಕೇಲ್!"

ಮುಟ್ಟಬೇಡಿ ಎಂದು ನೀರಿನ ಟ್ಯಾಂಕಿನ ಮರೆಯಿಂದ ಮಗಳು ಅನಘಾ ಕೂಗಿದಳು. ಹದಿನೈದು ವರ್ಷ. ಚೆನ್ನೈನ ವೆಸ್ಟ್ ಮಾಂಬಲಂನಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ. ಹಗ್ಗದ ಮೇಲೆ ಕೂತ ಹಕ್ಕಿಗಳ ಫೋಟೊ ತೆಗೆದು, ನಡುವಿನ ಜಾಗವನ್ನು ಕ್ಲಿಪ್ ಲೆಕ್ಕದಲ್ಲಿ ಅಳೆಯುವುದು ಅವಳ ಸ್ಕೂಲ್ ಪ್ರಾಜೆಕ್ಟ್.

ಸಂಡಿಗೆ ಒಣಹಾಕಲು ಬಂದ ಪಕ್ಕದ ಫ್ಲಾಟಿನ ಮಾಮಿ, "ಎನ್ನ ಸಾರ್, ಕ್ಲಿಪ್ ಮಟ್ಟುಂ ಕಾಯುದಾ?" ಎಂದು, ಬರೀ ಕ್ಲಿಪ್ ಒಣಗುತ್ತಿರುವುದಕ್ಕೆ ನಕ್ಕು ಹೋದರು.

ಅನಘಾಳ ಲೆಕ್ಕದಲ್ಲಿ ಗುಬ್ಬಿಗಳ ನಡುವೆ ನಾಲ್ಕು ಬೆರಳು. ಮೈನಾಗಳ ನಡುವೆ ಒಂದು ಗೇಣು. ಕಾಗೆಗಳು? ಎರಡೂವರೆ ಗೇಣು. ಮೈ ದೊಡ್ಡದಾದಷ್ಟೂ ಅಂತರ ದೊಡ್ಡದು.

"ಪೆರಿಯ ಬರ್ಡ್‌ಗೆ ನಿರೈಯ ಸ್ಪೇಸ್ ವೇಣುಂಪ್ಪಾ. ಟೇಕಾಫ್ ಆಗುಂಬೋದು ರೆಕ್ಕೈ ಇಡಿಕ್ಕಕ್ಕೂಡಾದು."

ದೊಡ್ಡ ಹಕ್ಕಿಗೆ ಜಾಸ್ತಿ ಜಾಗ ಬೇಕಂತೆ, ಹಾರುವಾಗ ರೆಕ್ಕೆಗೆ ರೆಕ್ಕೆ ತಾಗಬಾರದಂತೆ. ಹಾರುವಾಗ?

ವಿಷಯ ಇಷ್ಟೇ. ನಮ್ಮ ಹಾಲ್‌ನಲ್ಲೊಂದು ತೂಗುಮಣೆ. ಸಂಜೆ ಕಾಫಿಗೆ ಅಪ್ಪ-ಮಗಳು ಅಲ್ಲೇ. ಆದರೆ ಈಚೆಗೆ ಕೆಲವು ತಿಂಗಳಿಂದ ಅವಳು ಎದುರಿನ ಪ್ಲಾಸ್ಟಿಕ್ ಕುರ್ಚಿಗೆ ಶಿಫ್ಟ್ ಆಗಿದ್ದಾಳೆ. ನಾನೇನು ತಪ್ಪು ಮಾಡಿದೆ? ಮಾರ್ಕ್ಸ್ ಬಗ್ಗೆ ಏನಾದರೂ ಅಂದೆನೇ? ಹೆಂಡತಿಯನ್ನು ಕೇಳಿದೆ.

"ಮಕ್ಕಳು ದೊಡ್ಡವರಾಗ್ತಾರೆ ಕಣ್ರೀ. ಜೊತೆಗೆ ನೀವೂ ಆಗಿದೀರ, ಅಡ್ಡಡ್ಡ."

ಈಗ ನೋಡಿದರೆ ವಿಜ್ಞಾನವೂ ಅದನ್ನೇ ಹೇಳುತ್ತಿದೆ!

ಅಷ್ಟರಲ್ಲಿ ಮಾಮಿಯ ಸಂಡಿಗೆಗೆ ಏಳು ಹರಟೆಮಲ್ಲ ಹಕ್ಕಿಗಳು ಬಂದವು. ಮೈನಾದಷ್ಟೇ ದಪ್ಪ. ತಿಂದು ಹಗ್ಗಕ್ಕೇರಿ, ಮೈಗೆ ಮೈ ಒತ್ತಿಕೊಂಡು ಕೂತು, ಒಂದರ ಕತ್ತನ್ನು ಇನ್ನೊಂದು ಕೆದರತೊಡಗಿದವು. ಅಂತರ? ಸೊನ್ನೆ.

"ಇವನ್ನ ಗ್ರಾಫಲ್ಲಿ ಹಾಕ್ಬೇಡ ಪುಟ್ಟಿ, ಲೈನೇ ಕೆಟ್ಟೋಗತ್ತೆ. ಮಾರ್ಕ್ಸ್ ಕಟ್ ಮಾಡ್ತಾರೆ."

"ಅದೆಪ್ಪಡಿ ಅಪ್ಪಾ? ಇವಂಗ ಇಪ್ಪಡಿದಾನ್. ಹಾಕ್ತೀನಿ." ಇವು ಇರುವುದೇ ಹೀಗಂತೆ. ಕೋಪ ಬಂದರೆ ಅವಳಿಗೆ ಕನ್ನಡ ಬರುತ್ತದೆ.

ಆ ಧೈರ್ಯದಲ್ಲೇ ಕೇಳಿಬಿಟ್ಟೆ. "ನೀನ್ಯಾಕೆ ಈಗ ತೂಗುಮಣೆ ಮೇಲೆ ನನ್ನ ಪಕ್ಕ ಕೂರಲ್ಲ?"

ಅವಳು ನನ್ನನ್ನು ಆ ಹಗ್ಗದ ಮೇಲಿನ ಎಂಟನೇ ಹಕ್ಕಿಯಂತೆ ನೋಡಿದಳು.

"ನೀವೇ ತಾನೇ ಹೇಳಿದ್ದು? ಕೊಕ್ಕೆ ಕಿರ್ ಅಂತಿದೆ, ಇಬ್ಬರ ವೆಯ್ಟ್ ತಾಳಲ್ಲ, ಒಬ್ಬೊಬ್ಬರೇ ಕೂತ್ಕೋಬೇಕು ಅಂತ. ಪೊಂಗಲ್ ಟೈಮಲ್ಲಿ!"

ಹೇಳಿದ್ದೆನೇ? ಹೇಳಿಯೇ ಇರುತ್ತೇನೆ. ಗ್ಯಾಸ್, ಗೀಸರ್, ಲಿಫ್ಟ್, ಮಾಂಬಲಂ ಸ್ಟೇಷನ್ನಿನ ಮೆಟ್ಟಿಲು: ದಿನಕ್ಕೆ ಹತ್ತು ಎಚ್ಚರಿಕೆ ಕೊಡುವವನಿಗೆ ಯಾವುದೆಂದು ನೆನಪಿರಬೇಕು? ನಾನು ಹೇಳಿ ಮರೆತೆ. ಅವಳು ಪಾಪ, ಕೇಳಿ ಪಾಲಿಸಿದಳು.

ಅಂದು ಸಂಜೆ ಕಾಫಿ ಲೋಟ ಹಿಡಿದು ಬಂದಳು. "ತಳ್ಳಿ ಉಕ್ಕಾರುಂಗೊ" ಎಂದು ನನ್ನನ್ನು ಅತ್ತ ನೂಕಿ, ಭುಜಕ್ಕೆ ಭುಜ ತಾಗಿಸಿ ಕೂತಳು. ಮೇಲೆ ಕೊಕ್ಕೆ ಕಿರ್ ಎಂದಿತು. ನಾನು ಎಚ್ಚರಿಕೆಯನ್ನು ಕಾಫಿಯ ಜೊತೆ ನುಂಗಿದೆ.

ನಿಮ್ಮಲ್ಲಿ ಯಾರಿಗಾದರೂ ಒಳ್ಳೆ ವೆಲ್ಡರ್ ಗೊತ್ತೇ?