ರೊಟ್ಟಿ ಕೊಡದೆ ಮುಂದೆ ಹೋದವರು

ಹೋದ ತಿಂಗಳು ಮುದ್ದೆ ತಿರುವುವಾಗ ಫೋನು ಬಂತೆಂದು ಆಚೆ ಹೋದೆ. ಬರುವಷ್ಟರಲ್ಲಿ ಹಿಟ್ಟು ತಳ ಹತ್ತಿ ಮನೆಯೆಲ್ಲ ಸೀದ ವಾಸನೆ. ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ. ಆ ವಾಸನೆಗೆ ನನಗೆ ಕುಣಿಗಲ್ಲಿನ ಅಯ್ಯನವರು ನೆನಪಾಗುತ್ತಾರೆ… ಇಪ್ಪತ್ತು ವರ್ಷ ಕಳೆದರೂ.

ತುಮಕೂರಿನ ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಮೂರು ದಿನದ ಸಮ್ಮೇಳನ. ಉಪನ್ಯಾಸಕ್ಕೆ ಹೊರಗಿನವರನ್ನು ಕರೆಸುತ್ತಿದ್ದರು. ಅವರನ್ನು ಲಾಡ್ಜಿನಲ್ಲಿ ಇಳಿಸುವುದೆಂದರೆ ನಮ್ಮವರಿಗೆ ಅವಮಾನ, ಸಭೆಯವರ ಮನೆಯಲ್ಲೇ ಉಳಿಯಬೇಕು. ಅಪ್ಪ ಕಮಿಟಿಯ ಕಾರ್ಯದರ್ಶಿ, ಆ ಗೌರವವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಗುಬ್ಬಿಯಿಂದ, ಬೆಂಗಳೂರಿನಿಂದ ಬಂದವರೆಲ್ಲ ನಮ್ಮ ಮನೆಯ ಬಿರಿಯಾನಿ ಹೊಗಳಿ ಹೋದವರೇ. ಹೊರಗೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಅದು ನಮ್ಮ ಮನೆ. ಅಮ್ಮನಿಗೆ ಮಾತ್ರ ಸಮ್ಮೇಳನ ಬಂದರೆ ನಿಜವಾದ ಖುಷಿ. ಅತಿಥಿ ಇರುವ ಮೂರು ದಿನ ಅಪ್ಪ ಅವಳ ಮೇಲೆ ಕೈ ಎತ್ತುತ್ತಿರಲಿಲ್ಲ.

ಆ ವರ್ಷ ಬಂದ ಅಯ್ಯನವರು ವಯಸ್ಸಾದ ಪಾದ್ರಿ. ಮಾತು ನಿಧಾನ, ನಗು ಜೋರು. ಮೊದಲ ದಿನವೇ ಅಡುಗೆಮನೆ ಬಾಗಿಲಿಗೆ ಬಂದು, "ಹೋದ ಕಡೆಯೆಲ್ಲ ಬಿರಿಯಾನಿ ಕಣವ್ವ, ಸಾಕಾಗೋಗದೆ. ನಾಳೆ ಒಂದು ಮುದ್ದೆ ಹಾಕ್ತೀಯಾ?" ಎಂದರು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದು ನೋಡಿ ಎಷ್ಟೋ ತಿಂಗಳಾಗಿತ್ತು.

ಮಾರನೆಯ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಅಪ್ಪ ಕಮಿಟಿಯವರ ಮುಂದೆ ನಗುತ್ತಲೇ ಉಂಡರು. ಎಲ್ಲರೂ ಚರ್ಚಿಗೆ ಹೊರಟದ್ದೇ ತಡ, ಅಪ್ಪ ಅಡುಗೆಮನೆಗೆ ನುಗ್ಗಿದರು. "ಗೆಸ್ಟ್‌ಗೆ ಮುದ್ದೆ ಇಕ್ತೀಯೇನೇ? ನನ್ ಮಾನ ಕಳೀತೀಯಾ?" ಅಂದವರೇ ಅವಳ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದರು. ಮುದ್ದೆ ಕೋಲಿನಿಂದ ಬಡಿದರು. ಅಡ್ಡ ಹಿಡಿದ ಕೈಯ ಮೂಳೆ ಲಟ್ಟೆಂದದ್ದು ನನಗೆ ಕೇಳಿಸಿತು. ಒಲೆಯ ಮೇಲೆ ನಮ್ಮಿಬ್ಬರ ಪಾಲಿನ ಹಿಟ್ಟು ಸೀಯುತ್ತಿತ್ತು. ಬಿ.ಕಾಂ ಓದುತ್ತಿದ್ದ ಹತ್ತೊಂಬತ್ತರ ಹುಡುಗಿ ನಾನು, ಬಾಗಿಲಲ್ಲಿ ಗೂಟದ ಹಾಗೆ ನಿಂತಿದ್ದೆ. ತಿರುಗಿದರೆ ಹಿಂದೆ ಅಯ್ಯನವರು, ಮರೆತ ಕನ್ನಡಕಕ್ಕೆ ವಾಪಸು ಬಂದಿದ್ದರು.

"ಏಯ್, ಬುಡಯ್ಯ ಆಯಮ್ಮನ್ನ!"

ಅಪ್ಪ ಕೋಲು ಕೆಳಗಿಟ್ಟು, ಶರ್ಟು ಸರಿಮಾಡಿಕೊಂಡು, "ಮೀಟಿಂಗ್‌ಗೆ ಟೈಮಾಯ್ತು, ಬನ್ನಿ" ಎಂದರು.

ಅಮ್ಮನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಡಾಕ್ಟರಿಗೆ ಹೇಳಿದಳು. ಸಂಜೆ ಅಲ್ಲಿಗೆ ಬಂದ ಅಯ್ಯನವರು ಅವಳ ಬ್ಯಾಂಡೇಜು ನೋಡಿ, "ನನ್ ಬಾಯಿ ಚಪಲಕ್ಕೆ ಹಿಂಗಾಯ್ತಲ್ಲವ್ವ" ಎಂದು ಅತ್ತುಬಿಟ್ಟರು…

ಮೂರನೆಯ ದಿನ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ತಿನ್ನುವ ಆರಾಧನೆ. ರೊಟ್ಟಿ ಹಂಚುವ ಗೌರವ ಅತಿಥಿಯದು. ಮನಸ್ತಾಪ ಇಟ್ಟುಕೊಂಡವರು ಕ್ಷಮೆ ಕೇಳದೆ ಆ ರೊಟ್ಟಿ ಮುಟ್ಟಬಾರದೆಂಬುದು ನಮ್ಮ ಕಟ್ಟಳೆ. ಅಪ್ಪ ಎಂದಿನಂತೆ ಎಲ್ಲರಿಗಿಂತ ಮೊದಲು ಮೊಣಕಾಲೂರಿ ಕೈಚಾಚಿದರು. ಅಯ್ಯನವರು ನಿಂತರು. "ಹೆಂಡ್ತೀನ ಕ್ಷಮೆ ಕೇಳಿದ್ಯೇನಪ್ಪ?" ಎಂದರು. ಅಪ್ಪ ಕೈಯನ್ನು ಇನ್ನೂ ಮುಂದಕ್ಕೆ ಚಾಚಿದರು. ಅಯ್ಯನವರು ಆ ಚಾಚಿದ ಕೈಯನ್ನು ದಾಟಿ ಪಕ್ಕದವರಿಗೆ ರೊಟ್ಟಿ ಕೊಟ್ಟರು.

ಅಪ್ಪ ಎದ್ದವರೇ ಕಾಣಿಕೆಯ ಹಿತ್ತಾಳೆ ತಟ್ಟೆ ಎತ್ತಿ ಅವರ ಕಿವಿಯ ಮೇಲೆ ಬೀಸಿದರು. ಬಿದ್ದವರ ಹೊಟ್ಟೆಗೆ ಒದ್ದರು, ಮತ್ತೆ ಒದ್ದರು. ನಾಲ್ಕು ಜನ ಎಳೆಯಬೇಕಾಯಿತು. ಬಿಳಿ ನಿಲುವಂಗಿಯ ಕತ್ತೆಲ್ಲ ರಕ್ತ, ನೆಲದ ಮೇಲೆ ರೊಟ್ಟಿಯ ಚೂರು.

ಆಗಿಂದಾಗಲೇ ಪಕ್ಕದ ಕೋಣೆಯಲ್ಲಿ ಕಮಿಟಿಯ ಹಿರಿಯರು ವಿಚಾರಣೆಗೆ ಕೂತರು. ಅಯ್ಯನವರು ಅಡುಗೆಮನೆಯಲ್ಲಿ ಕಂಡದ್ದನ್ನು ಹೇಳಿದರು. ಅಮ್ಮ ಡಾಕ್ಟರಿಗೆ ಹೇಳಿದ್ದನ್ನೇ ಹೇಳಿದಳು. ಆಮೇಲೆ ಒಬ್ಬರು ನನ್ನ ಕಡೆ ತಿರುಗಿ, "ನೀನ್ ನೋಡ್ದೇನಮ್ಮ?" ಎಂದರು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಅಯ್ಯನವರೂ ನೋಡುತ್ತಿದ್ದರು, ಕಿವಿಗೆ ಟವೆಲ್ ಒತ್ತಿಕೊಂಡು.

"ಹೂಂ, ಬಚ್ಚಲಲ್ಲಿ ಜಾರಿ ಬಿದ್ರು" ಎಂದೆ.

ಅಯ್ಯನವರು ಟವೆಲ್ ಕೆಳಗಿಟ್ಟರು. ಆಮೇಲೆ ಎದ್ದು, ಹೊಡೆದವನಿಗೇ ಕೈಮುಗಿದರು. "ತಪ್ಪು ನಂದೇ, ಕ್ಷಮಿಸ್ಬುಡಿ. ಇದನ್ನ ಆ ಹೆಣ್ಮಗಳ ಮೇಲೆ ತೀರಿಸ್ಕೋಬೇಡಿ" ಎಂದರು.

ಕಮಿಟಿ ಅವರನ್ನು ಸುಳ್ಳುಗಾರ ಅಂತ ತೀರ್ಮಾನಿಸಿತು. ತುಮಕೂರು ಅವರನ್ನು ಕರೆಯುವುದನ್ನು ಬಿಟ್ಟಿತು, ಗುಬ್ಬಿ ಬಿಟ್ಟಿತು, ಕೊನೆಗೆ ಅವರ ಕುಣಿಗಲ್ಲಿನವರೂ ಉಪದೇಶಕ್ಕೆ ಕರೆಯಲಿಲ್ಲವಂತೆ. ನಮ್ಮ ಮನೆಗೆ ಮರುವರ್ಷವೂ ಅತಿಥಿ ಬಂದರು, ನಾಚಿಕೆಯಿಲ್ಲದೆ ಬಿರಿಯಾನಿ ಬಡಿಸಿದೆವು. ಅಮ್ಮ ಇನ್ನು ನಾಲ್ಕು ವರ್ಷ ಬದುಕಿದಳು. ಅವಳ ಜೀವ ತೆಗೆದ ತಲೆಪೆಟ್ಟಿಗೂ ಬಚ್ಚಲನ್ನೇ ಹೊಣೆ ಮಾಡಿದೆವು. ಆಗಲೂ ಹೂಂ ಅಂದವಳು ನಾನೇ.

ಹಿಟ್ಟು ಸೀದ ಮರುದಿನ ಕುಣಿಗಲ್ ಬಸ್ಸು ಹತ್ತಿದೆ. ಅಯ್ಯನವರು ತೀರಿಕೊಂಡು ವರ್ಷಗಳಾಗಿದ್ದವು. ನಾನು ಯಾರೆಂದು ಹೇಳಿದೊಡನೆ ಅವರ ಮಗಳು ಬಾಗಿಲಲ್ಲೇ ಕೇಳಿದರು, "ನಮ್ಮಪ್ಪ ನಿಮ್ಮೂರಲ್ಲಿ ಸುಳ್ಳು ಹೇಳಿದ್ರಾ?"

"ಇಲ್ಲ. ನಾನು ಹೇಳ್ದೆ."

ಆಕೆ ನನ್ನ ಕೆನ್ನೆಗೆ ಬಾರಿಸಿದರು. "ನನ್ ಹತ್ರ ಯಾಕ್ ಹೇಳ್ತೀಯಾ? ಹೋಗಿ ಅಲ್ಲಿ ಹೇಳು" ಎಂದು ಬಾಗಿಲು ಹಾಕಿಕೊಂಡರು.

ಈ ಭಾನುವಾರ ಸಮ್ಮೇಳನದ ಕೊನೆಯ ದಿನ. ದೇವರು ತಮ್ಮ ಬದುಕಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವವರು ಏಳಬಹುದು ಎಂದಾಗ ಎದ್ದೆ. ಮುಂದಿನ ಸಾಲಿನಲ್ಲಿ ಅಪ್ಪ, ಕೈ ನಡುಗುವ ಮುದುಕ. ಎರಡು ಮಾತು ಆಗುವಷ್ಟರಲ್ಲಿ, "ಕೂತ್ಕೊಳೇ" ಎಂದು ಗದರಿದರು. ಮುಂದಿನ ಬೆಂಚು ಹಿಡಿದು ನಿಂತೇ ಇದ್ದೆ. ಕೋಲು, ತಟ್ಟೆ, ಎರಡು ಸಲದ ಬಚ್ಚಲು, ಎಲ್ಲ ಹೇಳಿ ಮುಗಿಸಿದೆ. ಕೇಳಬೇಕಾದ ಇಬ್ಬರೂ ಇರಲಿಲ್ಲ… ಉಳಿದವರು ನೆಲ ನೋಡುತ್ತಿದ್ದರು. ಯಾರ ಸಾಕ್ಷಿ ಮುಗಿದರೂ ಸಭೆಯೆಲ್ಲ ಒಟ್ಟಿಗೆ ಆಮೆನ್ ಅನ್ನುವುದು ರೂಢಿ. ಒಬ್ಬರೂ ಅನ್ನಲಿಲ್ಲ.