ತಟ್ಟೆಯಲ್ಲಿ ಬಿಸಿಲು, ಹದಿಮೂರರ ಮಗ್ಗಿ

ನನಗೆ ಜೋಗುಳ ಬಾರದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಇದ್ದ ಗಂಟಲೆಲ್ಲ ಅಲ್ಲಿಯೇ ಸವೆಯಿತು. ನನ್ನ ಮಗನಿಗೆ ಜೋಗುಳ ಹಾಡಿದವಳು ನನ್ನ ಅಮ್ಮ. ಬೆಳಿಗ್ಗೆ ಬಾಪೂಜಿ ನಗರದ ಅಮ್ಮನ ಮನೆಯಲ್ಲಿ ಅವನನ್ನು ಬಿಟ್ಟು ಬಸ್ಸು ಹತ್ತುತ್ತಿದ್ದೆ. ಶಾಲೆ, ಆಮೇಲೆ ಟ್ಯೂಷನ್ನು ಎಲ್ಲ ಮುಗಿಸಿ ಹೋಗುವಷ್ಟರಲ್ಲಿ ಅವನು ಹಾಲು ಕುಡಿದು ಮಲಗಿರುತ್ತಿದ್ದ. ಹೆಗಲ ಮೇಲೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ಅವನ ಎಳೆತನವೆಂದರೆ ನನಗೆ ನೆನಪಾಗುವುದು ಹೆಗಲ ಮೇಲಿನ ಆ ಬೆಚ್ಚನೆಯ ಭಾರ. ಮುಖ ಅಷ್ಟಾಗಿ ನೆನಪಿಲ್ಲ.

ಮೊಮ್ಮಗಳಿಗೆ ಐದು ತಿಂಗಳು ತುಂಬಿದಾಗ ಸೊಸೆಯ ರಜೆ ಮುಗಿಯುತ್ತ ಬಂದಿತ್ತು. ಮಗ ವಿಜಯನಗರದಲ್ಲಿ ಒಂದು ಡೇ ಕೇರ್ ನೋಡಿಕೊಂಡು ಬಂದ. ನನಗೆ ಪಿತ್ತ ನೆತ್ತಿಗೇರಿತು.

"ಯಾಕೆ, ನಾನು ಮನೇಲಿ ಇಲ್ವಾ?"

"ನೀನು ಎತ್ಕೊಂಡ ತಕ್ಷಣ ಅಳ್ತಾಳಲ್ಲಮ್ಮ," ಎಂದ ಅವನು. ಸುಳ್ಳೇನೂ ಅಲ್ಲ.

ಸೊಸೆ ನಡುವೆ ಬಂದಳು. "ಬೇಜಾರ್ ಮಾಡ್ಕೋಬೇಡಿ ಅತ್ತೆ. ಇನ್ನೂ ಒಂದು ತಿಂಗ್ಳಿದೆ. ಅಷ್ಟ್ರಲ್ಲಿ ನಿಮಗೆ ಹೊಂದ್ಕೊಂಡ್ರೆ ಡೇ ಕೇರ್ ಯಾಕೆ ಬೇಕು?"

ಅಲ್ಲಿಗೆ ನನಗೆ ಒಂದು ತಿಂಗಳ ಗಡುವು. ಜೀವಮಾನವೆಲ್ಲ ಬೇರೆಯವರಿಗೆ ಪರೀಕ್ಷೆ ಕೊಟ್ಟವಳು, ಅರವತ್ತೆರಡಕ್ಕೆ ನಾನೇ ಕೂರಬೇಕಾಯಿತು.

ಮೊದಲ ವಾರ ಪೂರ್ತಿ ಫೇಲು. ಗಿಲಕಿ ಅಲ್ಲಾಡಿಸಿದೆ, ಕುಕ್ಕರಿನ ಮುಚ್ಚಳ ಬಡಿದೆ, ಕಾಗೆ ಕರೆದೆ. ಮೊಮ್ಮಗಳು ನನ್ನನ್ನು ಅನುಮಾನದಿಂದ ನೋಡಿ, ತುಟಿ ಹೊರಳಿಸಿ, ಶುರು ಹಚ್ಚಿಕೊಳ್ಳುತ್ತಿದ್ದಳು. ಸೊಸೆ ಒಳಗಿನಿಂದ ಓಡಿ ಬಂದು ಎತ್ತಿಕೊಳ್ಳುತ್ತಿದ್ದಳು, ಮಗು ಗಪ್‌ಚುಪ್. ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿತ್ತು. ಸೊಸೆಯ ಮೇಲೆ ಹೊಟ್ಟೆಕಿಚ್ಚೇ ಅದು, ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೊಂದು ದಿನ, ಒಂಬತ್ತು ಗಂಟೆಯ ಮೇಲಿರಬೇಕು, ಅಳುತ್ತಿದ್ದ ಮಗುವನ್ನು ಬಾಲ್ಕನಿಯ ಬಾಗಿಲ ಹತ್ತಿರ ಚಾಪೆಯ ಮೇಲೆ ಮಲಗಿಸಿ, ನಾನು ಹೊಸ್ತಿಲ ಪಕ್ಕ ಕುಳಿತು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹೆಸರುಕಾಳು ತೊಳೆಯುತ್ತಿದ್ದೆ. ಆರ್‌ಪಿಸಿ ಲೇಔಟಿನ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಪೂರ್ವದ ಪಕ್ಕದ ಮನೆಗೆ ಒಂದೇ ಮಹಡಿ. ಅದರ ಟೆರೇಸಿನ ಮೇಲಿಂದ ಹಾದು ಬಂದ ಬಿಸಿಲು ತಟ್ಟೆಯ ನೀರಿಗೆ ಬಿತ್ತು. ಚಾವಣಿಯ ಮೇಲೆ ಬೆಳಕು ಎದ್ದು ಬಳುಕತೊಡಗಿತು. ಮಗು ಅಳು ನಿಲ್ಲಿಸಿತು.

ಮರುದಿನದಿಂದ ಅದೇ ನಮ್ಮ ಆಟ. ಕಾಳಿಲ್ಲ, ಬರೀ ನೀರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಓರೆ ಮಾಡಿದರೆ ಬೆಳಕು ಫ್ಯಾನಿನವರೆಗೆ ಹೋಗುತ್ತಿತ್ತು, ಇನ್ನೂ ಓರೆ ಮಾಡಿದರೆ ಗೋಡೆಯಿಳಿದು ಕ್ಯಾಲೆಂಡರ್ ಮೇಲೆ ಕೂರುತ್ತಿತ್ತು. ಕೆಳಗೆ ಸೊಪ್ಪಿನವನ ಕೂಗು, ಎಲ್ಲೋ ಮಿಕ್ಸಿಯ ಸದ್ದು, ಎಲ್ಲವೂ ದೂರ ಸರಿದು, ಮನೆಯೇ ನೀರೊಳಗೆ ಮುಳುಗಿದ ಹಾಗೆ ಅನ್ನಿಸುತ್ತಿತ್ತು. ಕೈ ಕೆಲಸದಲ್ಲಿದ್ದರೆ ನನ್ನ ಬಾಯಿ ತಾನಾಗಿ ಮಗ್ಗಿ ಹೇಳುತ್ತದೆ, ಹಳೆಯ ಚಟ. ಅದರಲ್ಲೂ ಹದಿಮೂರರದು, ತರಗತಿಯಲ್ಲಿ ಮಕ್ಕಳು ಮುಗ್ಗರಿಸುತ್ತಿದ್ದದ್ದು ಅಲ್ಲೇ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ಹದಿಮೂರು ಹತ್ಲೆ ನೂರಾ ಮೂವತ್ತು ಬಂದ ಮೇಲೆ ಶಾಲೆಯಲ್ಲಿ ಹೇಳುತ್ತಿದ್ದ ಹಾಗೆಯೇ "ಸರಿ, ಕೂತ್ಕೋ" ಎಂದು ತಟ್ಟೆಗೆ ಬೆರಳಿನಿಂದ ಹೊಡೆಯುತ್ತಿದ್ದೆ. ಚಾವಣಿಯ ತುಂಬ ಬೆಳಕು ಚೆಲ್ಲಾಪಿಲ್ಲಿಯಾಗುತ್ತಿತ್ತು. ಇನ್ನೂ ಕೂರಲು ಬಾರದ ಮಗು ಗಟ್ಟಿಯಾಗಿ ನಗುತ್ತಿತ್ತು. ನಾನು ತಲೆಯೆತ್ತಿ ಬೆಳಕನ್ನೇ ನೋಡುತ್ತ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಎಷ್ಟೋ ಸಲ ನನಗೇ ಜೊಂಪು ಹತ್ತಿದಂತಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯವರು ಮೇಲೆ ಕಟ್ಟಲು ಶುರು ಮಾಡಿದರು. ಕಂಬ ಎದ್ದವು, ಬ್ಲಾಕುಗಳ ಸಾಲು ಒಂದರ ಮೇಲೊಂದು ಏರಿತು. ಒಂಬತ್ತೂಕಾಲಿಗೆ ಬರುತ್ತಿದ್ದ ಬಿಸಿಲು ಒಂಬತ್ತೂವರೆಗೆ ಬಂತು, ಆಮೇಲೆ ಹತ್ತಕ್ಕೆ. ಹತ್ತೂಕಾಲಿಗೆ ನಮ್ಮದೇ ಸಜ್ಜದ ನೆರಳು ಬೀಳುತ್ತಿತ್ತು. ಇನ್ನೆರಡು ಸಾಲು ಎದ್ದರೆ ಆಟ ಮುಗಿಯಿತೆಂದು ಲೆಕ್ಕ ಹಾಕಿ, ತಡೆಯಲಾರದೆ ಕೆಳಗಿಳಿದು ಹೋಗಿ ಆ ಮನೆಯ ಯಜಮಾನರ ಹತ್ತಿರ ಜಗಳ ತೆಗೆದೆ.

ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. "ಮೇಡಂ, ನೀವು ಎರಡನೇ ಫ್ಲೋರ್ ಹಾಕ್ಸಿದಾಗ ನಿಮ್ಮ ಹಿಂದಿನ ಮನೆಯೋರ ಬಿಸಿಲು ಹೋಗ್ಲಿಲ್ವಾ?"

ಇಳಿದ ಮೆಟ್ಟಿಲನ್ನೇ ಹತ್ತಿ ವಾಪಸು ಬಂದೆ.

ಕೊನೆಯ ವಾರ ಬಿಸಿಲು ಬರಲೇ ಇಲ್ಲ. ಆದರೂ ಅದೇ ಹೊತ್ತಿಗೆ ತಟ್ಟೆ ಹಿಡಿದು ಕುಳಿತೆ. ತಟ್ಟೆಯಲ್ಲಿ ನೀರು ಸುಮ್ಮನೆ ನಿಂತಿತ್ತು. ಬೆಳಕೇ ಇಲ್ಲದ ಮೇಲೆ ಮಗ್ಗಿ ಯಾರಿಗೆಂದು ನಾನೂ ಸುಮ್ಮನಿದ್ದೆ. ಮಗು ಅತ್ತಿತು. ಮರುದಿನವೂ ಅತ್ತಿತು. ಮಗ ಡೇ ಕೇರಿನ ಅರ್ಜಿಯನ್ನು ಫ್ರಿಜ್ ಮೇಲಿಂದ ತೆಗೆದು ಊಟದ ಟೇಬಲ್ ಮೇಲಿಟ್ಟ.

ಶನಿವಾರ ಬೆಳಿಗ್ಗೆ ನಮ್ಮ ಬಾಲ್ಕನಿಗೆ ಎದುರಾಗಿದ್ದ ಹೊಸ ಗೋಡೆಯ ಕಿಟಕಿ ಕಂಡಿಯಲ್ಲಿ ಒಬ್ಬ ಹೆಂಗಸು ಪೈಪು ಹಿಡಿದು ನಿಂತಿದ್ದಳು. ಯಾದಗಿರಿ ಕಡೆಯವಳಂತೆ, ಕಟ್ಟಿದ ಗೋಡೆಗೆ ದಿನಾ ನೀರು ಹೊಡೆಯುವುದು ಅವಳ ಕೆಲಸ. ನಮ್ಮಿಬ್ಬರ ನಡುವೆ ನಾಲ್ಕೈದು ಅಡಿಯೂ ಇರಲಿಲ್ಲ.

"ಅಕ್ಕೋರ, ಲೆಕ್ಕ ಯಾಕ ಬಿಟ್ರಿ?" ಎಂದಳು. "ಕೂಸು ಅಳಾಕತ್ತದಲ್ರಿ."

"ನೀವು ಬಿಸಿಲು ಮುಚ್ಚಿಬಿಟ್ರಲ್ಲಮ್ಮ. ಬೆಳಕು ಇಲ್ಲ, ಅದಕ್ಕೇ ಅಳ್ತಾಳೆ," ಎಂದೆ. ಸಿಡುಕಿನಿಂದಲೇ ಅಂದಿರಬೇಕು.

ಅವಳು ಪೈಪನ್ನು ಬದಿಗೆ ತಿರುಗಿಸಿದಳು. "ಕೂಸು ಬೆಳಕ ಎಲ್ಲಿ ನೋಡತದ್ರಿ? ನಾ ದಿನಾ ಇಲ್ಲೇ ನಿಂದರತೀನಲ್ಲ. ಅದು ನಿಮ್ಮ ಮಾರಿನ ನೋಡಕೋತ ಮಕ್ಕೊಂಡಿರತದ. ಮ್ಯಾಲ ನೋಡೋರು ನೀವರಿ."

ನನ್ನ ಮುಖವನ್ನೇ? ನಾನು ತಲೆ ತಗ್ಗಿಸಿ ನೋಡಿದೆ. ಅಳುವಿನ ನಡುವೆ ಮಗು ಕತ್ತನ್ನು ನನ್ನತ್ತ ಹೊರಳಿಸಿತ್ತು. ಒದ್ದೆಯಾದ ಎರಡು ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿದ್ದವು, ಕಾಯುತ್ತಿದ್ದವು. ಎಷ್ಟು ದಿನದಿಂದ ಹೀಗೆ ನೋಡುತ್ತಿತ್ತೋ. ನಾನು ತಟ್ಟೆ ಹಿಡಿದುಕೊಂಡು ಚಾವಣಿ ನೋಡುತ್ತಿದ್ದೆ.

ಹದಿಮೂರೊಂದ್ಲೆ ಎಂದೆ. ಹದಿಮೂರ್ನಾಕ್ಲೆಗೆ ಬರುವಷ್ಟರಲ್ಲಿ ಅಳು ನಿಂತಿತ್ತು. ಎದುರಿನವಳು ನಕ್ಕು ಮತ್ತೆ ಗೋಡೆಗೆ ನೀರು ಹೊಡೆಯತೊಡಗಿದಳು.

ಸೋಮವಾರ ಸೊಸೆ ಆಫೀಸಿಗೆ ಹೊರಟಳು. ಹೋಗುವಾಗ ನನ್ನ ಕೈ ಹಿಡಿದು, "ತುಂಬಾ ಅತ್ರೆ ಫೋನ್ ಮಾಡಿ ಅತ್ತೆ," ಎಂದಳು. ಅವಳ ಕಣ್ಣು ತುಂಬಿತ್ತು. ನನ್ನ ಹೊಟ್ಟೆಯ ಉರಿ ಆ ಹೊತ್ತಿಗೆ ಆರಿಹೋಯಿತು. ಮಗ ಮಾತ್ರ ಉಳಿದ. ಡೇ ಕೇರಿನ ಅರ್ಜಿ ಅವನ ಬ್ಯಾಗಿನಲ್ಲಿತ್ತು.

"ಇದನ್ನ ಇವತ್ತೇ ಕೊಟ್ಟುಬಿಡ್ಲಾ ಅಮ್ಮ?"

"ಹತ್ತು ನಿಮಿಷ ನೋಡ್ಕೊಂಡು ಹೋಗು ಕಣೋ," ಎಂದೆ.

ತಟ್ಟೆಯನ್ನು ಅಡುಗೆಮನೆಯ ಸ್ಟ್ಯಾಂಡಿನಲ್ಲೇ ಬಿಟ್ಟೆ. ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಈ ಸಲ ಅದರ ಎದುರಿಗೆ ಕುಳಿತೆ. ಕೋಣೆಯಲ್ಲಿ ಮಬ್ಬು ಬೆಳಕು, ಹಸಿ ಸಿಮೆಂಟಿನ ವಾಸನೆ. ತಾಯಿಯನ್ನು ಹುಡುಕಿ ಮಗುವಿನ ತುಟಿ ಹೊರಳುವ ಹೊತ್ತಿಗೆ ನಾನು ಮಗ್ಗಿ ಶುರು ಮಾಡಿದೆ. ಅವಳು ಕೈಕಾಲು ನಿಲ್ಲಿಸಿ ಕೇಳಿದಳು. ಹೇಳುತ್ತ ಹೇಳುತ್ತ ಅವಳ ಮುಖ ನೋಡಿದೆ: ಎಡ ಹುಬ್ಬಿನ ತುದಿಯಲ್ಲಿ ಸುಳಿ ಇದೆ, ಕೆಳತುಟಿ ಮೇಲ್ತುಟಿಗಿಂತ ದಪ್ಪ, ನಗು ಬರುವ ಮೊದಲು ಮೂಗು ಅರಳುತ್ತದೆ. ಅಪ್ಪನದೇ ಮುಖವೆಂದು ಎಲ್ಲರೂ ಹೇಳುತ್ತಿದ್ದರು. ನನಗೆ ಹೋಲಿಸಿ ನೋಡಲು ಮಗನ ಆ ಎಳೆತನದ ಮುಖ ಗೊತ್ತಿರಲಿಲ್ಲ. ಅದನ್ನು ಕಲಿಯುವುದಕ್ಕೆ ಇದೊಂದೇ ದಾರಿ ಉಳಿದಿತ್ತು.

ಹದಿಮೂರೊಂಬತ್ಲೆ ನೂರಾ ಹದಿನೇಳು. ಹದಿಮೂರು ಹತ್ಲೆ ನೂರಾ ಮೂವತ್ತು.

"ಸರಿ, ಕೂತ್ಕೋ."

ಮಗು ಕಿಲಕಿಲ ನಕ್ಕಿತು. ಹಿಂದೆ ಏನೋ ಸರಿದಂತಾಗಿ ತಿರುಗಿದೆ. ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಮಗ, ಬ್ಯಾಗನ್ನು ಕೆಳಗಿಟ್ಟು, ಚಾಪೆಯ ಅಂಚಿನಲ್ಲಿ ಕಾಲು ಮಡಿಸಿ ಕೂತಿದ್ದ. ಇನ್ನೊಂದು ಸಾಕ್ಸ್ ಕೈಯಲ್ಲೇ ಇತ್ತು.

"ಹದಿನಾಲ್ಕರದೂ ಹೇಳಮ್ಮ," ಎಂದ.